ಹಿಂದಿನ ಸೀಟಿಗೆ ಹಾಕಿದ ಕೌದಿ

ಒಂದು ಬೇಸಿಗೆಯಿಂದ ಹಿಡಿದು ಆ ವರ್ಷದ ಮಳೆಗಾಲ ಮುಗಿಯುವ ತನಕ ನಮ್ಮ ಮನೆಯ ಪಡಸಾಲೆಯಲ್ಲಿ ಕಾರಿನ ಹಿಂದಿನ ಸೀಟು ಇತ್ತು. ಮನೆಯ ಮುಂದೆ, ಓಣಿಯಲ್ಲಿ, ಹಿಂದಿನ ಸೀಟಿಲ್ಲದ ಕಾರು ನಿಂತಿತ್ತು. ಬಂದವರು ಮೊದಲು ಕಾರನ್ನು ನೋಡಿ ಹುಬ್ಬೇರಿಸುತ್ತಿದ್ದರು, ಒಳಗೆ ಬಂದು ಸೀಟನ್ನು ನೋಡಿ ಏರಿಸಿದ ಹುಬ್ಬನ್ನು ಇಳಿಸುತ್ತಿದ್ದರು. ಕೂರಿ ಎಂದರೆ ಅದರ ಮೇಲೆಯೇ ಕೂರಬೇಕು, ಪಡಸಾಲೆಯಲ್ಲಿ ಬೇರೆ ಜಾಗವೇ ಉಳಿದಿರಲಿಲ್ಲ. ಸೀಟು ನೆಲಕ್ಕೆ ತೀರಾ ಹತ್ತಿರ. ಕೂತವರ ಮೊಣಕಾಲು ಗದ್ದಕ್ಕೆ ಬರುತ್ತಿತ್ತು, ಒಳಗಿನ ಸ್ಪ್ರಿಂಗು ಕುಂಯ್ ಎನ್ನುತ್ತಿತ್ತು, ಅಂಚಿನಿಂದ ಒಂದಿಷ್ಟು ಕೆಂಪು ಧೂಳು ಹಾರುತ್ತಿತ್ತು. ನಾವು ಸಿರಿವಂತರಾಗಿದ್ದೇವೋ ಇಲ್ಲವೋ ಎಂಬುದು ಆಗ ನನಗೆ ಗೊತ್ತಿರಲಿಲ್ಲ. ಅಪ್ಪನಿಗಾದರೂ ಗೊತ್ತಿತ್ತು ಎಂದು ಈಗ ಅನ್ನಿಸುವುದಿಲ್ಲ.

ಅದು ಹೊಸಪೇಟೆಗೆ ಗಣಿಯ ಹುಚ್ಚು ಹಿಡಿದಿದ್ದ ಕಾಲ. ಸಂಡೂರಿನ ಗುಡ್ಡಗಳಿಂದ ಅದಿರು ಹೊತ್ತ ಲಾರಿಗಳು ಹಗಲಿರುಳು ಇಳಿಯುತ್ತಿದ್ದವು. ಮರಿಯಮ್ಮನಹಳ್ಳಿಯ ಕಡೆಯ ರಸ್ತೆಯಲ್ಲಿ ಅವು ಸಾಲುಗಟ್ಟಿ ನಿಂತರೆ ಊರಿಗೆ ಊರೇ ಹಾರ್ನು ಹೊಡೆಯುತ್ತಿದೆ ಅನ್ನಿಸುತ್ತಿತ್ತು. ಹಿತ್ತಲಲ್ಲಿ ಒಣಹಾಕಿದ ಬಿಳಿ ಪಂಚೆ ಸಂಜೆಗೆ ನಸುಗೆಂಪಾಗುತ್ತಿತ್ತು. ದೇವರ ಜಗಲಿಯ ಮೇಲಿನ ವಿಭೂತಿ ಗಟ್ಟಿಗೂ ಕೆಂಪು ಹತ್ತಿದಾಗ ಅಜ್ಜಿ ಸೆರಗಿನಿಂದ ಒರೆಸಿ ಒರೆಸಿ ಸೋತು, ಶಿವನಿಗೂ ಗಣಿಯಲ್ಲಿ ಕೆಲಸ ಸಿಕ್ಕಿತು ಎಂದು ಕೈಬಿಟ್ಟಳು. ನಿನ್ನೆಯ ತನಕ ಸೈಕಲ್ಲು ತುಳಿದವರು ಇವತ್ತು ಜೀಪಿನಿಂದ ಇಳಿಯುತ್ತಿದ್ದರು. ಎದುರು ಮನೆಯವರು ತಂದ ಟೀವಿ ಬಾಗಿಲಲ್ಲಿ ಹಿಡಿಸಲಿಲ್ಲ. ಬಾಗಿಲಿನ ಚೌಕಟ್ಟನ್ನೇ ಒಡೆದು ಅದನ್ನು ಒಳಗೆ ಸಾಗಿಸಿದರು. ಅಪ್ಪ ಅಕ್ಕಿ ಗಿರಣಿಯ ಗುಮಾಸ್ತಿಕೆ ಬಿಟ್ಟು ಲಾರಿ ತೂಗುವ ಕಟ್ಟೆಗೆ ಮೇಲ್ವಿಚಾರಕನಾಗಿ ಸೇರಿದ್ದ. ಮನೆ ಮಾತ್ರ ಮೊದಲಿನದೇ: ಪಡಸಾಲೆ, ನಡುಮನೆ, ಅಡುಗೆಮನೆ, ಹಿತ್ತಲು, ಹಿತ್ತಲಿನಾಚೆ ಕಾಲುವೆ. ಅಂಥ ಮನೆಯ ಮುಂದೆ ಅಪ್ಪ ಒಂದು ದಿನ ಹಳೆಯ ಕಾರೊಂದನ್ನು ತಂದು ನಿಲ್ಲಿಸಿ, ಇಳಿಯದೆ ಒಳಗೇ ಕೂತು, ನಾವು ಹೊರಗೆ ಬರಲಿ ಎಂದು ಕಾದ.

ಆ ಕಾರು ನಮ್ಮ ಮನೆಗೆ ಬರುವ ಮುನ್ನ ಗಣಿಯ ಎಂಜಿನಿಯರುಗಳನ್ನು ಗುಡ್ಡ ಹತ್ತಿಸಿ ಇಳಿಸುತ್ತಿತ್ತಂತೆ. ಒಂದು ಕಾಲಕ್ಕೆ ಬಿಳಿಯದಾಗಿದ್ದು, ಎಷ್ಟು ತೊಳೆದರೂ ಬಿಳಿಯಾಗದ ಬಣ್ಣಕ್ಕೆ ಬಂದಿತ್ತು. ಮುಂದಿನ ಸೀಟುಗಳು ಸುಮಾರಾಗಿದ್ದವು. ಹಿಂದಿನದರ ಬೂದು ಬಟ್ಟೆ ಒಂದು ಬಾಗಿಲಿನಿಂದ ನಡುವಿನ ತನಕ ಹರಿದು, ಒಳಗಿನ ಹಳದಿ ಸ್ಪಂಜು ಬಾಯಿ ಬಿಟ್ಟಿತ್ತು. ಕಬ್ಬಿಣದ ಸಲಾಕೆಗಳನ್ನು ಹೇರಿದ್ದರಂತೆ. ಅಪ್ಪ ಅದನ್ನು ಬೈಪಾಸಿನ ಹತ್ತಿರದ ಸೀಟಿನ ಅಂಗಡಿಗೆ ಒಯ್ದ. ಹೊಸ ಹೊಸ ಜೀಪುಗಳು ಚರ್ಮದ ಅಂಗಿ ತೊಡಲು ಅಲ್ಲಿ ಸರದಿಯಲ್ಲಿ ನಿಂತಿದ್ದವು. ಅಂಗಡಿಯವನು ಕೂತಲ್ಲಿಂದ ಏಳದೆ, ಇದನ್ನು ಕಿತ್ತು ಒಗೆದು ರೆಕ್ಸಿನ್ ಹಾಕಿಸಿ, ದೀಪಾವಳಿ ಆದ ಮೇಲೆ ಬನ್ನಿ ಎಂದನಂತೆ. ಅಪ್ಪ ಮನೆಗೆ ಬಂದು, ನಮ್ಮೂರ ಬಿಸಿಲಿಗೆ ರೆಕ್ಸಿನ್ನಿನ ಮೇಲೆ ಕೂತರೆ ತೊಡೆ ಸುಟ್ಟು ಹಪ್ಪಳವಾಗುತ್ತದೆ, ಬಟ್ಟೆಯೇ ಮೇಲು, ಮನೆಯಲ್ಲೇ ಹೊಲಿದರಾಯಿತು ಎಂದು ಘೋಷಿಸಿದ. ಆ ಅಂಗಡಿಯವನು ಎದ್ದು ನಿಲ್ಲಲಿಲ್ಲ ಎಂಬುದೇ ಅವನಿಗೆ ಚುಚ್ಚಿದ್ದು ಎಂದು ಅವ್ವನಿಗೆ ಅರ್ಥವಾಗಿತ್ತು. ನನಗೆ ಹಪ್ಪಳದ ಮಾತಷ್ಟೇ ಅರ್ಥವಾಯಿತು.

ಸೀಟು ಒಳಗೆ ಬಂದ ಮೇಲೆ ಅವ್ವ ಮೊದಲು ಸೈಕಲ್ಲಿನ ಪಂಕ್ಚರ್ ಅಂಟು ಹಚ್ಚಿ, ಹರಿದ ಎರಡು ಅಂಚುಗಳನ್ನು ಕೂಡಿಸಿ, ಮೇಲೆ ರುಬ್ಬುಗುಂಡು ಇಟ್ಟಳು. ಒಣಗಿದ ಮೇಲೆ ಅದು ಬಿರುಸಾಗಿ ನಿಂತು, ಮುಟ್ಟಿದರೆ ಲಟಕ್ಕನೆ ಬಿರಿಯಿತು. ಆಮೇಲೆ ಗೋಣಿಚೀಲ ಹೊಲಿಯುವ ದಬ್ಬಣವನ್ನು ಒಲೆಯಲ್ಲಿ ಕಾಯಿಸಿ, ಇಕ್ಕಳದಿಂದ ಚಂದ್ರನಂತೆ ಬಾಗಿಸಿ, ಗಿರಣಿಯ ನೈಲಾನು ದಾರ ಪೋಣಿಸಿ ಹೊಲಿದಳು. ಹೊಲಿಗೆ ಎಷ್ಟು ಗಟ್ಟಿಯಾಗಿತ್ತೆಂದರೆ ಅಪ್ಪ ಎರಡೂ ಕೈಯಿಂದ ಜಗ್ಗಿ ನೋಡಿ ಸೈ ಎಂದ. ಅಜ್ಜಿ ಪರೀಕ್ಷೆಗೆಂದು ಮೇಲೆ ಕೂತಳು, ಪರ್ ಎಂದು ಸದ್ದಾಯಿತು. ದಾರ ಹಾಗೇ ಇತ್ತು. ಅದರ ಪಕ್ಕದಲ್ಲಿ ಬಟ್ಟೆ ಹೊಸದಾಗಿ ಹರಿದಿತ್ತು. ಅವ್ವ ಬೆರಳು ಆಡಿಸಿ ನೋಡಿ, ದಾರದ್ದೇನೂ ತಪ್ಪಿಲ್ಲ, ಬಿಸಿಲು ಧೂಳು ತಿಂದು ಬಟ್ಟೆಯೇ ಸತ್ತುಹೋಗಿದೆ, ಸತ್ತದ್ದಕ್ಕೆ ಹೊಲಿಗೆ ಹಾಕಿದರೆ ಎಲ್ಲಿ ನಿಲ್ಲುತ್ತದೆ ಎಂದಳು. ಮನೆಯಲ್ಲಿ ಎಲ್ಲರೂ ಹೀಗೆ ಸೀಟಿನ ಮುಂದೆ ಸೋತು ಕೂತಿದ್ದಾಗ ಲೀಲತ್ತೆ ಬಂದಳು.

ಲೀಲತ್ತೆ ಎಂದರೆ ಅಪ್ಪನ ತಂಗಿ, ಶಿವಲೀಲಾ. ಅವಳನ್ನು ಕಂಪ್ಲಿ ತಾಲೂಕಿನ ಮೆಟ್ರಿಗೆ ಕೊಟ್ಟಿದ್ದರು. ನೀರಾವರಿ ಗದ್ದೆ, ದೊಡ್ಡ ಮನೆ, ತುಂಬಿದ ಕಣಜ. ಗಂಡ ಗದ್ದೆಯನ್ನು ಅಣ್ಣಂದಿರಿಗೆ ಬಿಟ್ಟು, ಟಿಪ್ಪರ್ ಕೊಂಡು ಸಂಡೂರಿನ ಅದಿರು ಸಾಗಿಸುತ್ತಿದ್ದ. ಆ ಮಧ್ಯಾಹ್ನ ಅವಳು ಒಂದು ಕೈಚೀಲ ಹಿಡಿದು ಬಸ್ಸಿನಿಂದ ಇಳಿದು ಬಂದು, ಚಪ್ಪಲಿ ಬಿಟ್ಟು, ನೀರು ಕುಡಿದು, ಇನ್ನು ನಾನು ಅಲ್ಲಿಗೆ ಹೋಗುವುದಿಲ್ಲ ಎಂದಳು. ಅಜ್ಜಿ ಅವಳನ್ನು ಸೀಟಿನ ಮೇಲೆ ಕೂರಿಸಿ, ತಾನು ಎದುರಿಗೆ ನೆಲದ ಮೇಲೆ ಕೂತು ಕೇಳತೊಡಗಿದಳು. ಆ ಮಾತುಗಳು ನನಗೆ ಇವತ್ತಿಗೂ ಅದೇ ಅನುಕ್ರಮದಲ್ಲಿ ನೆನಪಿವೆ.

“ಹೊಡೆದ್ರೇನು?”

“ಇಲ್ಲ.”

“ಬೈದ್ರೇನು?”

“ಇಲ್ಲ.”

“ಉಂಬಾಕ ಹಾಕ್ಲಿಲ್ಲೇನು?”

“ಹಾಕಿದ್ರು. ಭಾಳ ಹಾಕಿದ್ರು.”

“ಮತ್ತ ಯಾಕ ಬಂದಿ?”

“ಅಲ್ಲಿ ನನ್ನ ಯಾರೂ ಮಾತಾಡ್ಸಂಗಿಲ್ಲಬೇ.”

ಹೊಡೆದಿದ್ದರೆ ಏನು ಮಾಡಬೇಕೆಂದು ನಮ್ಮ ಮನೆಯವರಿಗೆ ಗೊತ್ತಿತ್ತು: ನಾಲ್ಕು ಜನ ಹಿರಿಯರು ಹೋಗುತ್ತಾರೆ, ಜೋರು ಮಾಡುತ್ತಾರೆ, ಊಟ ಮಾಡಿ ಬರುತ್ತಾರೆ. ಮಾತಾಡಿಸಲಿಲ್ಲ ಎಂಬುದಕ್ಕೆ ಯಾರು ಎಲ್ಲಿಗೆ ಹೋಗಿ ಏನು ಕೇಳುವುದು? ಅಪ್ಪ ತೂಗುವ ಕಟ್ಟೆಯಿಂದ ಬಂದವನು ವಿಷಯ ಕೇಳಿ, ಇದೂ ಒಂದು ಕಾರಣವೇ ಎಂದು ಗೋಡೆಗೆ ಹೇಳಿ ಸ್ನಾನಕ್ಕೆ ಹೋದ. ಅಜ್ಜಿ ಓಣಿಯವರಿಗೆ, ಮಗಳು ಉಪ್ಪಿನಕಾಯಿ ಹಾಕಲು ಬಂದಿದ್ದಾಳೆ ಎಂದಳು. ಅವ್ವ ಕೇಳಿದವರಿಗೆ, ಮೈಗೆ ಹುಷಾರಿಲ್ಲ ಎಂದಳು. ಎರಡನ್ನೂ ಕೇಳಿಸಿಕೊಂಡ ನಾನು ಶಾಲೆಯಲ್ಲಿ, ನಮ್ಮ ಅತ್ತೆಗೆ ಉಪ್ಪಿನಕಾಯಿ ತಿಂದು ಹುಷಾರಿಲ್ಲ ಎಂದು ಹೇಳಿ ಬಂದೆ.

ಆಮೇಲೆ ನಮ್ಮ ಮನೆಯಲ್ಲಿಯೂ ಒಂದು ವಿಚಿತ್ರ ಶುರುವಾಯಿತು. ಅಪ್ಪ ತಂಗಿಯೊಡನೆ ನೇರವಾಗಿ ಮಾತಾಡುವುದನ್ನು ನಿಲ್ಲಿಸಿದ. ಸಿಟ್ಟು ಇತ್ತು, ನಾಚಿಕೆಯೂ ಇತ್ತೇನೋ. ಊಟಕ್ಕೆ ಕೂತಾಗ ಅವಳು ಎದುರಿಗೇ ಇದ್ದರೂ, ಅವಳಿಗೆ ಇನ್ನೊಂದು ರೊಟ್ಟಿ ಬೇಕೇನು ಕೇಳು ಎಂದು ನನಗೆ ಹೇಳುತ್ತಿದ್ದ. ನಾನು ಕತ್ತು ತಿರುಗಿಸಿ ಕೇಳುತ್ತಿದ್ದೆ. ಅವಳು ಬೇಡ ಎಂದರೆ ಕತ್ತು ಇತ್ತ ತಿರುಗಿಸಿ, ಬೇಡವಂತೆ ಎನ್ನುತ್ತಿದ್ದೆ. ಮೊದಮೊದಲು ಇದು ಆಟವೆಂದುಕೊಂಡು ಖುಷಿಪಟ್ಟೆ. ಕೆಲವು ದಿನಗಳಲ್ಲೇ ಕುತ್ತಿಗೆ ನೋಯುವಂತೆ ಅನ್ನಿಸತೊಡಗಿತು, ನಿಜವಾಗಿ ನೋಯುತ್ತಿದ್ದದ್ದು ಕುತ್ತಿಗೆಯಲ್ಲ. ಎದುರಿಗಿರುವವರ ಬಗ್ಗೆ ಅವರಿಲ್ಲದಂತೆ ಮಾತಾಡುವುದನ್ನು ಕಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಡಾಕ್ಟರು ರೋಗಿಯನ್ನು ಬಿಟ್ಟು ಜೊತೆಗೆ ಬಂದವರನ್ನು ಕೇಳಿದರೆ, ಅವರನ್ನೇ ಕೇಳಿ ಎಂದು ನಡುವೆ ಬಾಯಿ ಹಾಕಿ ಬೈಸಿಕೊಂಡಿದ್ದೇನೆ. ನನ್ನ ಗಂಡ ಇದಕ್ಕೆ ನನ್ನ ಕಾಯಿಲೆ ಎಂದು ಹೆಸರಿಟ್ಟಿದ್ದಾನೆ. ಇರಲಿ.

ಅಪ್ಪನ ತಲೆಯಲ್ಲಿ ಒಂದು ಯೋಜನೆ ಇತ್ತು. ಲೀಲತ್ತೆಯನ್ನು ಬಸ್ಸಿನಲ್ಲಿ ಕಳಿಸಿದರೆ ಬಿಟ್ಟುಬಂದವಳು ತಿರುಗಿ ಬಂದಳು ಎನ್ನುತ್ತಾರೆ. ಸ್ವಂತ ಕಾರಿನಲ್ಲಿ, ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೋಗಿ ಇಳಿಸಿದರೆ ತವರಿನ ತೂಕ ಗೊತ್ತಾಗುತ್ತದೆ, ಆಮೇಲೆ ತಾವಾಗಿ ಮಾತಾಡಿಸುತ್ತಾರೆ. ತೂಗುವ ಕಟ್ಟೆಯಲ್ಲಿ ಕೆಲಸ ಮಾಡುವವನಿಗೆ ಬರಬೇಕಾದ ಆಲೋಚನೆಯೇ. ಆದರೆ ಸೀಟು ಹರಿದಿತ್ತು. ಹೀಗಾಗಿ ಸೀಟು ಸರಿಹೋದ ದಿನ ಲೀಲತ್ತೆ ಹೋಗುತ್ತಾಳೆ ಎಂದಾಯಿತು. ಒಂದು ಬೆಳಿಗ್ಗೆ ಅಪ್ಪ ಅಂಗಿ ಗುಂಡಿ ಹಾಕಿಕೊಳ್ಳುತ್ತ, ಎಲ್ಲರಿಗೂ ಕೇಳುವಂತೆ, ಯಾರನ್ನೂ ನೋಡದೆ ಹೇಳಿದ:

“ಹಳೇ ಬಟ್ಟಿ ಪದರಾ ಪದರಾ ಹಾಕಿ ಕೌದಿ ಹಾಕಿದಂಗ ಹಾಕಿಬಿಡ್ರಿ. ಜಲ್ದಿ ಮುಗೀತೈತಿ.”

ನಮ್ಮ ಕಡೆ ಕೌದಿ ಇಲ್ಲದ ಮನೆ ಇಲ್ಲ. ಹಳೆಯ ಸೀರೆ, ಅಂಗಿ, ಪಂಚೆಗಳನ್ನು ಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡು ಜೋಡಿಸಿ, ಅಂಚಿನಿಂದ ಒಳಕ್ಕೆ ಸುತ್ತುತ್ತ ಸಾಲು ಹೊಲಿಗೆ ಹಾಕುತ್ತ ಬಂದರೆ ಎಂಥ ಸತ್ತ ಬಟ್ಟೆಯೂ ಒಂದನ್ನೊಂದು ಹಿಡಿದು ನಿಲ್ಲುತ್ತದೆ. ಲೀಲತ್ತೆಯ ಕೈಹೊಲಿಗೆಗೆ ಮದುವೆಗೆ ಮುಂಚಿನಿಂದಲೂ ಓಣಿಯಲ್ಲಿ ಹೆಸರಿತ್ತು. ಅವಳು ಸೀಟನ್ನು ಬೋರಲು ಹಾಕಿ, ಬಟ್ಟೆಯನ್ನು ಸ್ಪ್ರಿಂಗಿಗೆ ಬಿಗಿದಿದ್ದ ತಂತಿಯ ಉಂಗುರಗಳನ್ನು ಇಕ್ಕಳದಿಂದ ಒಂದೊಂದೇ ಬಿಡಿಸಿದಳು. ಹೊದಿಕೆಯನ್ನು ಹಿತ್ತಲಿನ ಕಲ್ಲಿನ ಮೇಲೆ ಒಗೆದಾಗ ಹರಿದ ನೀರು ಎಷ್ಟು ಕೆಂಪಗಿತ್ತೆಂದರೆ ಪಕ್ಕದ ಮನೆಯವರು, ಏನು ಕೊಯ್ದಿರಿ ಎಂದು ಇಣುಕಿದರು. ಅಪ್ಪನ ಖಾಕಿ ಅಂಗಿ, ಅವ್ವನ ಇಳಕಲ್ ಸೀರೆಯ ಒಡಲು, ನನಗೆ ಗಿಡ್ಡವಾದ ಶಾಲೆಯ ಲಂಗ, ಅಜ್ಜಿಯ ಹಸಿರು ಕುಪ್ಪಸ, ಎಲ್ಲ ತುಂಡುಗಳಾದವು. ಹರಿದ ಕಡೆ ಅಡಿಯಲ್ಲಿ ದಪ್ಪ ಬಟ್ಟೆ ಕೊಟ್ಟು, ಹರಿಯದ ಕಡೆಗೂ ಒಂದು ಗೇಣು ಮುಂದಕ್ಕೆ ಚಾಚಿ ಹೊಲಿದಳು. ಜೀವ ಇರುವ ಬಟ್ಟೆಯ ತನಕ ಹೋಗಬೇಕು, ಇಲ್ಲದಿದ್ದರೆ ಹಿಡಿತ ಸಿಗುವುದಿಲ್ಲ ಎಂದು ನನಗೆ ತೋರಿಸಿಕೊಟ್ಟಳು.

ಸಾಲುಗಳು ಬಿದ್ದು ಕೆಲಸ ಒಂದು ಹದಕ್ಕೆ ಬಂದಾಗ ಅಪ್ಪ, ಬರುವ ಸೋಮವಾರ ಹೊರಡೋಣ ಎಂದ. ಅಜ್ಜಿ ಅಕ್ಕಿ ಆರಿಸುತ್ತಿದ್ದವಳು ಮೊರದಿಂದ ತಲೆಯೆತ್ತದೆ ಹೇಳಿದಳು:

“ಕೌದಿ ಶುರು ಮಾಡಿದಾಕೀನೇ ಕಡೇ ಮೂಲಿ ಮುಚ್ಚಬೇಕು. ಮುಚ್ಚೋತನ ಅಕಿ ಊರ ಹೊರಗ ಮಲಗಬಾರ್ದು.”

ಅಪ್ಪ, ಇದು ಕೌದಿ ಅಲ್ಲ, ಕಾರಿನ ಸೀಟು ಎಂದ. ಕೌದಿ ಅಂತ ಬಾಯಿಬಿಟ್ಟು ಅಂದವನು ನೀನೇ, ಮನೆ ಗಂಡಸು ಅಂದ ಮಾತು ಸುಳ್ಳಾಗುತ್ತದೆಯೇ ಎಂದಳು ಅಜ್ಜಿ. ಅಪ್ಪ ಅವ್ವನ ಮುಖ ನೋಡಿದ. ಅವ್ವ ಒಲೆಯ ಮುಖ ನೋಡಿದಳು. ಆ ನೇಮ ನಮ್ಮ ಮನೆಯಲ್ಲಿ ಮೊದಲಿನಿಂದ ಇದ್ದದ್ದೋ, ಅಜ್ಜಿ ಮೊರದಲ್ಲಿ ಆರಿಸಿ ತೆಗೆದದ್ದೋ, ನನಗೆ ಈಗಲೂ ಗೊತ್ತಿಲ್ಲ. ಕಂಪ್ಲಿ ಕಡೆಯ ಮುದುಕಿಯರನ್ನು ಆಮೇಲೆ ಕೇಳಿದ್ದೇನೆ. ಕೆಲವರು ಹೌದು ಎಂದರು, ಕೆಲವರು ನಕ್ಕರು. ಕಡೆಯ ಮೂಲೆ ಮುಚ್ಚುವಾಗ ಒಳಗೆ ರೊಟ್ಟಿ ಚೂರು, ಬೆಲ್ಲ ಇಡಬೇಕು, ಕೌದಿ ಹಸಿದುಕೊಂಡಿರಬಾರದು ಎಂಬುದನ್ನು ಮಾತ್ರ ಎಲ್ಲರೂ ಒಪ್ಪಿದರು.

ನನ್ನನ್ನು ಗೊಂದಲಕ್ಕೆ ಕೆಡವಿದ್ದು ಅಜ್ಜಿಯೇ. ಬೆಳಿಗ್ಗೆ ಎದ್ದರೆ ಮಗಳಿಗೆ ಬೈಗುಳ: ಕೊಟ್ಟ ಹೆಣ್ಣು ಎಷ್ಟು ದಿನ ಇಲ್ಲಿ ಕೂರುತ್ತೀ, ಊರವರಿಗೆ ಏನು ಹೇಳಲಿ, ನಿನಗೇನು ಅಲ್ಲಿ ಹುಲಿ ತಿನ್ನುತ್ತಿತ್ತೇ? ಮಧ್ಯಾಹ್ನವಾದರೆ ಕನ್ನಡಕ ಏರಿಸಿ ಸೀಟಿನ ಮುಂದೆ ಕೂತು, ಈ ಸಾಲು ಸೊಟ್ಟ, ಬಿಚ್ಚು. ಈ ತುಂಡಿನ ಬಣ್ಣ ಹೊಂದುವುದಿಲ್ಲ, ತೆಗಿ. ಸಾಲು ನೆಟ್ಟಗಿರುವುದು ನನ್ನ ಕಣ್ಣಿಗೇ ಕಾಣುತ್ತಿತ್ತು. ಬೆಳಗಿನ ಅಜ್ಜಿಯನ್ನು ನಂಬಬೇಕೋ ಮಧ್ಯಾಹ್ನದವಳನ್ನು ನಂಬಬೇಕೋ ತಿಳಿಯದೆ ನಾನು ಇಬ್ಬರಿಂದಲೂ ದೂರ ಓಡಾಡುತ್ತಿದ್ದೆ. ಲೀಲತ್ತೆಯದೂ ಅದೇ ಕತೆ. ಒಂದು ದಿನ ಹೊರಗೆ ಬಸ್ಸು ಕಾಯುತ್ತಿದೆಯೇನೋ ಎಂಬಂತೆ ದಬದಬ ಹೊಲಿಯುವಳು. ಮರುದಿನ ಸೂಜಿಯನ್ನು ಸೀಟಿಗೆ ಚುಚ್ಚಿಟ್ಟು ಕಾಲುವೆಯ ಕಡೆಯ ಬಾಗಿಲಲ್ಲಿ ಕೂತುಬಿಡುವಳು. ಹೋಗಲು ಮನಸ್ಸಿದೆಯೋ ಇಲ್ಲವೋ ಎಂದು ನಾನು ಕೇಳಿಯೇಬಿಟ್ಟೆ.

“ನಂಗೂ ತಿಳೀವಲ್ದು ಗೌರಿ. ಅಂವ ಕೆಟ್ಟಂವ ಅಲ್ಲ. ಬರ್ತಾನ, ಉಣ್ತಾನ, ಮಲಗ್ತಾನ. ಎದ್ದು ಹೋಗುವಾಗ ಬಾಗ್ಲಾ ಹಾಕ್ಕೊ ಅಂತ್ಲೂ ಅನ್ನಂಗಿಲ್ಲ.”

ಅವಳ ಅತ್ತೆಯೂ ಕೆಟ್ಟವಳಲ್ಲವಂತೆ. ನಲ್ಲಿ ನೀರು ಬಂದರೆ, ನೀರು ಬಂತು ಎಂದು ಮಗಳಿಗೆ ಹೇಳುತ್ತಾಳೆ, ಕೊಡ ಎತ್ತಿಕೊಳ್ಳಬೇಕಾದವಳು ಲೀಲತ್ತೆ. ಅಕ್ಕಿ ಮುಗಿದರೆ ಕಣಜದ ಕಡೆ ನೋಡುತ್ತಾಳೆ, ಅರ್ಥಮಾಡಿಕೊಳ್ಳಬೇಕಾದವಳು ಲೀಲತ್ತೆ. ಬೇಕೆಂದು ಮಾಡುವುದಲ್ಲ, ಆ ಮನೆಯಲ್ಲಿ ಸೊಸೆಯರನ್ನು ಹಾಗೇ ನಡೆಸಿಕೊಂಡು ಬಂದಿದ್ದಾರೆ. ದಿನಕ್ಕೆ ದಿನ ಅವಳು ಮಾತಾಡುತ್ತಿದ್ದುದು ಎಮ್ಮೆಯ ಜೊತೆ ಮಾತ್ರ. ಎಮ್ಮೆಗೆ ನನ್ನ ದನಿ ಗುರುತಿತ್ತು, ಅದೊಂದು ನೆನಪಾಗುತ್ತದೆ ಎಂದು ಹೇಳಿ ಅವಳು ನಕ್ಕಳು, ನನಗೆ ಅಳು ಬಂತು. ಕೆಟ್ಟವರಿದ್ದರೆ ಸುಲಭವಿತ್ತು. ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕೆಂದು ಗೊತ್ತಾಗದೆ ನಾನು ಆ ಮಳೆಗಾಲವೆಲ್ಲ ಎಲ್ಲರ ಮೇಲೂ ಮುಖ ಊದಿಸಿಕೊಂಡಿದ್ದೆ.

ಕೊನೆಗೆ ಸೀಟಿನ ಒಂದು ಮೂಲೆ ಮಾತ್ರ ಉಳಿಯಿತು. ಆ ಮೂಲೆ ಎಷ್ಟೋ ದಿನ ಹಾಗೇ ಉಳಿಯಿತು. ಅದಕ್ಕೆ ಒಪ್ಪುವ ತುಂಡು ಸಿಗುತ್ತಿಲ್ಲ ಎಂದು ಅಜ್ಜಿ ಹೇಳುತ್ತಿದ್ದಳು. ಅಷ್ಟರಲ್ಲಿ ಒಂದು ಭಾನುವಾರ ಓಣಿಯ ಬಾಯಲ್ಲಿ ಟಿಪ್ಪರ್ ಬಂದು ನಿಂತು ಹೋಗುವವರ ಬರುವವರ ದಾರಿ ಕಟ್ಟಿತು. ಮೆಟ್ರಿಯ ಮಾವ, ಲೀಲತ್ತೆಯ ಗಂಡ, ಇಳಿದು ಬಂದ. ತಲೆಗೂದಲು, ಹುಬ್ಬು, ಅಂಗಿಯ ಕಾಲರು ಎಲ್ಲ ಕೆಂಪು. ಅಪ್ಪ ಕೂರಿ ಎಂದ. ಕೂರಲು ಇದ್ದದ್ದು ಆ ಸೀಟೊಂದೇ. ಅವನು ತನ್ನ ಹೆಂಡತಿ ತಿಂಗಳುಗಟ್ಟಲೆ ಹೊಲಿದದ್ದರ ಮೇಲೆ, ಮೊಣಕಾಲು ಗದ್ದಕ್ಕೆ ಬರುವಂತೆ ಕೂತ. ಲೀಲತ್ತೆ ಚಹಾ ತಂದು ಕೊಟ್ಟು ಅಲ್ಲೇ ಗೋಡೆಗೆ ಒರಗಿ ನಿಂತಳು. ಕೈ ಚಾಚಿದರೆ ಸಿಗುವಷ್ಟು ದೂರ. ಅವನು ಚಹಾ ಕುಡಿದ, ಲಾರಿಗಳ ಸಾಲಿನ ಬಗ್ಗೆ ಹೇಳಿದ, ಮಳೆ ಬಗ್ಗೆ ಹೇಳಿದ. ಯಾವಾಗ ಕಳಿಸುತ್ತೀರಿ ಎಂದು ಅಪ್ಪನನ್ನು ಕೇಳಿದ. ಸೀಟು ಮುಗಿಯಬೇಕು ಎಂದ ಅಪ್ಪ. ಅವ್ವ ಸೆರಗು ಸರಿಮಾಡಿಕೊಂಡು, ಆಕೆ ಇಲ್ಲೇ ನಿಂತಿದ್ದಾಳೆ, ಆಕೆಯನ್ನೇ ಕೇಳಿ ಎಂದಳು. ಅವ್ವ ಗಂಡಸರ ಮಾತಿನ ನಡುವೆ ಬಾಯಿ ಹಾಕಿದ್ದನ್ನು ನಾನು ಅಲ್ಲಿಯ ತನಕ ಕಂಡಿರಲಿಲ್ಲ. ಮಾವ ಲೋಟದ ತಳ ನೋಡಿದ. ಅವನ ಕಿವಿ, ಧೂಳಿನ ಅಡಿಯಲ್ಲಿಯೂ, ಇನ್ನಷ್ಟು ಕೆಂಪಾಯಿತು. ಆಮೇಲೆ ನನ್ನ ಕಡೆ ತಿರುಗಿದ.

“ಸೀಟು ಯಾವಾಗ ಮುಗೀತೈತಂತ ನಿಮ್ಮತ್ತೀನ್ನ ಕೇಳು.”

ನಾನು ಅಭ್ಯಾಸಬಲದಿಂದ ಕತ್ತು ತಿರುಗಿಸಿದೆ. ಅತ್ತೆ ನನ್ನನ್ನು ನೋಡಲಿಲ್ಲ, ನನ್ನ ತಲೆಯ ಮೇಲಿಂದ ಅವನನ್ನು ನೋಡುತ್ತಿದ್ದಳು. ನಾನು ಕೇಳುವ ಮೊದಲೇ ಉತ್ತರ ಬಂತು.

“ಈಗ ಮುಗೀತೈತಂತ ಹೇಳು.”

ಅವಳು ಸೂಜಿ ತೆಗೆದುಕೊಂಡಳು, ಅವನು ಎದ್ದು ಜಾಗ ಬಿಟ್ಟ. ರೊಟ್ಟಿ ಚೂರು, ಬೆಲ್ಲ ಕೊಡು ಎಂದು ತಾಯಿಯನ್ನು ಕೇಳಿದಳು. ಅಜ್ಜಿ ಬೆಲ್ಲ ಮುಗಿದಿದೆ ಎಂದಳು. ಬೆಲ್ಲದ ಡಬ್ಬಿ ಮೊನ್ನೆಯಷ್ಟೇ ತುಂಬಿತ್ತು. ಅದನ್ನು ಹೇಳಲು ಹೊರಟ ನನ್ನ ಬಾಯಿಯನ್ನು ಅಜ್ಜಿಯ ಕಣ್ಣು ಮುಚ್ಚಿಸಿತು. ಅವ್ವ ಒಂದು ಗಳಿಗೆ ಇಬ್ಬರನ್ನೂ ನೋಡಿ, ಒಳಗೆ ಹೋಗಿ, ಚೂರು ರೊಟ್ಟಿ ಮತ್ತು ಬೆಲ್ಲ ತಂದು ಲೀಲತ್ತೆಯ ಅಂಗೈಯಲ್ಲಿಟ್ಟಳು. ಕಾರಿಗೆ ಇರುವೆ ಹತ್ತುತ್ತವೆ ಎಂದು ಅಪ್ಪ ಗೊಣಗಿದ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅತ್ತೆ ಮೂಲೆ ಮುಚ್ಚಿ, ಗಂಟು ಹಾಕಿ, ದಾರವನ್ನು ಹಲ್ಲಿನಿಂದ ಕಡಿದಳು. ಅವಳು ಸೋತು ಮುಚ್ಚಿದಳೋ, ಹಟಕ್ಕೆ ಮುಚ್ಚಿದಳೋ, ಅವನ ಮೇಲೆ ಕನಿಕರ ಬಂದು ಮುಚ್ಚಿದಳೋ, ಎಷ್ಟೋ ವರ್ಷದ ಮೇಲೆ ನಾನು ಕೇಳಿದಾಗ, ಬೆನ್ನು ನೋಯುತ್ತಿತ್ತು, ಸಾಕಾಗಿತ್ತು ಎಂದಷ್ಟೇ ಹೇಳಿದಳು.

ಮಾವ ಅವತ್ತೇ ಟಿಪ್ಪರ್ ಹತ್ತಿ ಮೆಟ್ರಿಗೆ ಹೋದ. ಮರುದಿನ ಸೀಟು ಕಾರು ಸೇರಿತು. ಖಾಕಿ, ಕೆಂಪು, ಹಸಿರು, ನೀಲಿ ತುಂಡುಗಳ ಸೀಟು ಆ ಮಾಸಿದ ಕಾರಿನೊಳಗೆ ಮದುವೆ ಮನೆಯಂತೆ ಕಾಣುತ್ತಿತ್ತು. ಓಣಿಯ ಹೆಂಗಸರು ಬಾಗಿ ಬಾಗಿ ಮುಟ್ಟಿ ನೋಡಿದರು. ಅಪ್ಪ ಮುಂದೆ, ಅವ್ವ ಅವನ ಪಕ್ಕದಲ್ಲಿ, ಅವಳ ತೊಡೆಯ ಮೇಲೆ ನಾನು. ಹಿಂದೆ ಲೀಲತ್ತೆ, ಮತ್ತು ಯಾರೂ ಕರೆಯದಿದ್ದರೂ ಹೊಸ ಸೀರೆ ಉಟ್ಟು ಬಂದು ಕೂತಿದ್ದ ಅಜ್ಜಿ. ಕಾರು ಬಂದಾಗಲೇ ಅಪ್ಪ ಮೊದಲ ಸವಾರಿ ಹಂಪಿ ಬಜಾರಿಗೆ ಎಂದು ನನಗೆ ಮಾತು ಕೊಟ್ಟಿದ್ದ. ಕಮಲಾಪುರದಲ್ಲಿ ಹಂಪಿಯ ತಿರುವು ಬಂದಾಗ ಅವನು ಅತ್ತ ನೋಡಲೂ ಇಲ್ಲ. ನಾನು ನೆನಪಿಸಲಿಲ್ಲ. ಲೀಲತ್ತೆ ಕಿಟಕಿಯ ಹೊರಗೆ ನೋಡುತ್ತ ಹೆಬ್ಬೆರಳಿನಿಂದ ತಾನು ಹಾಕಿದ ಸಾಲನ್ನು ಸವರುತ್ತಿದ್ದಳು. ಕಂಪ್ಲಿ ದಾಟಿದ ಮೇಲೆ ಎರಡೂ ಕಡೆ ನಾಟಿಯಾದ ಗದ್ದೆ ಬಂತು, ಅಂಥ ಹಸಿರು ನೋಡಿ ನನ್ನ ಕಣ್ಣು ತಂಪಾಯಿತು. ಇಷ್ಟು ಚೆನ್ನಾಗಿರುವ ಊರಿನಲ್ಲಿ ಅತ್ತೆಗೆ ಏನು ಕಷ್ಟ ಎಂದು ಒಂದು ಗಳಿಗೆ ನನಗೂ ಅನ್ನಿಸಿತು.

ಮೆಟ್ರಿಯ ಮನೆಯ ಅಂಗಳದಲ್ಲಿ ಕಾರು ನಿಂತಾಗ ಎಲ್ಲರೂ ಹೊರಗೆ ಬಂದರು. ಅತ್ತೆಯ ಅತ್ತೆ, ದಪ್ಪನೆಯ, ಹಣೆ ತುಂಬ ವಿಭೂತಿಯ ಹೆಂಗಸು, ನಗುತ್ತಲೇ ಬಂದಳು. ಅಪ್ಪನನ್ನು ಬನ್ನಿ ಎಂದಳು, ಅವ್ವನನ್ನು ಬನ್ನಿ ಎಂದಳು, ನನ್ನ ಗಲ್ಲ ಹಿಂಡಿದಳು, ಕಾರನ್ನು ಮೆಚ್ಚಿದಳು. ನಾವು ಇಳಿದೆವು. ಹಿಂದೆ ಕೂತವರು ಇಳಿಯಲಿಲ್ಲ. ಅಜ್ಜಿ ಮಗಳ ಮಣಿಕಟ್ಟು ಹಿಡಿದುಕೊಂಡಿದ್ದಳು. ಬೀಗಿತ್ತಿ ಅವ್ವನಿಗೆ, ಅವಳನ್ನು ಒಳಗೆ ಕರೆದುಕೊಂಡು ಬನ್ನಿ ಎಂದಳು. ಆಗ ಅಜ್ಜಿ ಕಿಟಕಿಯಿಂದ ಮಾತಾಡಿದಳು, ದನಿ ಏರಿಸದೆ.

“ಅಕಿ ಇಲ್ಲೇ ಕುಂತಾಳ್ರಿ. ಅಕಿಗೇ ಹೇಳ್ರಿ. ನೀವ್ಯಾರಾದ್ರೂ ಒಂದು ಮಾತು ಹೇಳಿದ್ರ ಇಳೀತಾಳ.”

“ಅಕೀದ ಮನಿಗೆ ಅಕಿನ್ನ ಕರಿಯೋದೇನ್ರಿ? ಹೊರಗಿನೋರ್ನ ಕರೀತಾರ.”

ಬೀಗಿತ್ತಿ ಹೇಳಿದ್ದು ಸರಿಯಾಗಿಯೇ ಇತ್ತು. ಪ್ರೀತಿಯಿಂದಲೇ ಹೇಳಿದ್ದಳು. ಅಜ್ಜಿ ಹೇಳಿದ್ದೂ ಸರಿಯಾಗಿತ್ತು. ಎರಡೂ ಸರಿಯಾದ ಮಾತುಗಳ ನಡುವೆ ನಾವೆಲ್ಲ ಅಂಗಳದಲ್ಲಿ ನಿಂತೆವು. ಮಾವ ತನ್ನ ಟಿಪ್ಪರಿನ ಚಕ್ರಕ್ಕೆ ಕೈಯೂರಿ ನಿಂತಿದ್ದ. ಒಂದು ಸಲ ಬಾಯಿ ತೆರೆದ, ಎರಡು ಹೆಜ್ಜೆ ಮುಂದೆ ಬಂದ. ಅವನು ಅಪ್ಪನ ಕಡೆ ತಿರುಗಿ, ದಾರಿಯಲ್ಲಿ ಗಾಡಿ ಬಿಸಿಯಾಯಿತೇನು ಎಂದು ಕೇಳಿದ. ಅಪ್ಪ ಇಲ್ಲ ಎಂದ. ಆಮೇಲೆ ಅಪ್ಪ ಕಿಟಕಿಯ ಬಳಿ ಬಾಗಿ, ಹಲ್ಲು ಕಚ್ಚಿ, ಮರ್ಯಾದೆ ತೆಗೆಯಬೇಡ, ಇಳಿಸು ಎಂದು ಅಜ್ಜಿಗೆ ಹೇಳಿದ. ಅಜ್ಜಿ ಮಗಳ ಕೈ ಬಿಟ್ಟಳು. ಲೀಲತ್ತೆ ತಾನಾಗಿ ಬಾಗಿಲು ತೆರೆದು ಒಂದು ಕಾಲನ್ನು ಅಂಗಳಕ್ಕೆ ಇಟ್ಟಳು. ಬೀಗಿತ್ತಿ ಸಮಾಧಾನದಿಂದ ಒಳಗಿನ ಕಡೆ ತಿರುಗಿ ಮಗಳನ್ನು ಕೂಗಿ, ಅವಳಿಗೆ ಕಾಲಿಗೆ ನೀರು ತೆಗೆದುಕೊಳ್ಳಲು ಹೇಳು ಎಂದಳು.

ಲೀಲತ್ತೆಯ ಕಾಲು ಅಂಗಳದಲ್ಲಿ ಹಾಗೇ ಇತ್ತು. ಬೆರಳಿನಲ್ಲಿ ಬೆಳ್ಳಿಯ ಕಾಲುಂಗುರ. ಅವಳು ಅದನ್ನು ನಿಧಾನವಾಗಿ ಒಳಕ್ಕೆ ಎಳೆದುಕೊಂಡಳು.

“ಅಣ್ಣ, ನಾ ಇಳಿಯಂಗಿಲ್ಲ.”

ಅಪ್ಪ ಅಂಗಳದ ನಡುವೆ ನಿಂತಿದ್ದ. ಅವನು ಕೂಗಾಡುತ್ತಾನೆ, ಅವಳ ರಟ್ಟೆ ಹಿಡಿದು ಎಳೆಯುತ್ತಾನೆ ಎಂದು ನನಗೆ ಖಾತ್ರಿಯಿತ್ತು. ಅವನ ಮುಖ ನೋಡಿದೆ, ಏನೂ ತಿಳಿಯಲಿಲ್ಲ. ಬೀಗಿತ್ತಿಗೆ ಕೈ ಮುಗಿದ, ಮಾವನಿಗೂ ಮುಗಿದ. ಬಂದು ಸ್ಟೀರಿಂಗಿನ ಹಿಂದೆ ಕೂತ. ಅವ್ವ ನನ್ನನ್ನು ಎಳೆದುಕೊಂಡು ಹತ್ತಿದಳು. ಅಪ್ಪ ಚಾವಿ ತಿರುಗಿಸಿದ, ಎಂಜಿನ್ನು ಕೆಮ್ಮಿ ಶುರುವಾಯಿತು, ಆದರೂ ಗಾಡಿ ಬಿಡದೆ ಎರಡೂ ಕೈ ಸ್ಟೀರಿಂಗಿನ ಮೇಲಿಟ್ಟು ಕೂತೇ ಇದ್ದ. ಆಮೇಲೆ ತಲೆಯೆತ್ತಿ, ಮೇಲಿನ ಕನ್ನಡಿಯಲ್ಲಿ ತಂಗಿಯ ಮುಖವನ್ನು ನೇರವಾಗಿ ನೋಡಿದ.

“ಲೀಲಾ, ಬಾಗ್ಲಾ ಗಟ್ಟಿಯಾಗಿ ಹಾಕ್ಕೊ.”